ಖೋ ಖೋ ಅಕ್ಕೋರ ಬಲಗಣ್ಣು

ಮುದ್ದೇಬಿಹಾಳದ ಹೆಣ್ಣುಮಕ್ಕಳ ಹೈಸ್ಕೂಲಿಗೆ ನಾನು ಕನ್ನಡ ಕಲಿಸಲು ಸೇರಿದಾಗ ಅಲ್ಲಿ ಎಲ್ಲರಿಗಿಂತ ದೊಡ್ಡ ದನಿ ಇದ್ದದ್ದು ಆಟ ಕಲಿಸುವ ಅಕ್ಕೋರಿಗೆ. ಹೆಡ್‌ಮಾಸ್ತರರೂ ಅವರ ಮುಂದೆ ಮೆತ್ತಗೆ ಮಾತಾಡುತ್ತಿದ್ದರು. ಊರೆಲ್ಲ ಅವರನ್ನು ಖೋ ಖೋ ಅಕ್ಕೋರು ಎಂದೇ ಕರೆಯುತ್ತಿತ್ತು. ಬೆಳಿಗ್ಗೆ ಅವರು ಒಮ್ಮೆ ಸೀಟಿ ಊದಿದರೆ ಬಸ್‌ಸ್ಟ್ಯಾಂಡಿನ ಕಡೆಯಿಂದ ಹರಟುತ್ತ ಬರುತ್ತಿದ್ದ ಹುಡುಗಿಯರು ಅಲ್ಲಿಂದಲೇ ಓಡಲು ಶುರು ಮಾಡುತ್ತಿದ್ದರು. ಸೆರಗನ್ನು ಸೊಂಟಕ್ಕೆ ಬಿಗಿದು, ಕಾಲಿಗೆ ಗಂಡಸರ ಕ್ಯಾನ್ವಾಸ್ ಬೂಟು ಏರಿಸಿ, ಐವತ್ತು ದಾಟಿದ ಆ ಹೆಂಗಸು ಕಂಬದಿಂದ ಕಂಬಕ್ಕೆ ಓಡಿ ತೋರಿಸುವುದನ್ನು ನೋಡಲು ನಾವೆಲ್ಲ ಚಹಾದ ಕಪ್ಪು ಹಿಡಿದು ಸ್ಟಾಫ್ ರೂಮಿನ ಕಿಟಕಿಗೆ ಬಂದು ನಿಲ್ಲುತ್ತಿದ್ದೆವು.

ಮದುವೆಯಾಗಿರಲಿಲ್ಲ. ಯಾರಾದರೂ ಆ ಮಾತು ಎತ್ತಿದರೆ, "ನಂಗ ಮನ್ಯಾಗ ಜೋಡಿ ಐತಿ. ಜಗಳಕ್ಕೇನೂ ಕಮ್ಮಿ ಇಲ್ಲ" ಎನ್ನುತ್ತಿದ್ದರು.

ಜೋಡಿ ಎಂದರೆ ಅವರ ತಮ್ಮ. ಸಣ್ಣ ಮಗುವಾಗಿದ್ದಾಗ ಬಂದ ಜ್ವರದಲ್ಲಿ ಆತನ ಎರಡೂ ಕಿವಿ ಹೋಗಿದ್ದವು. ಮಾತು ಬರುವ ಮೊದಲೇ ಕಿವಿ ಹೋದದ್ದರಿಂದ ಮಾತೂ ಬರಲಿಲ್ಲ. ತಾಳಿಕೋಟೆ ರಸ್ತೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಆತನನ್ನು ಊರವರು ಗಿರಣಿ ತಮ್ಮ ಎನ್ನುತ್ತಿದ್ದರು. "ಆ ಸಪ್ಪಳದಾಗ ಹೊತ್ತು ಹೊಂಟ್ರ ಮುಳುಗೂತನಾ ನಿಂದ್ರಾಕ ಇಂವನ ಸರಿ" ಎಂದು ಬೀಸಲು ಬಂದ ಹೆಂಗಸರು ನಗುತ್ತಿದ್ದರು. ಆತ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ತೂಕದ ಅಂಕಿ ಮತ್ತು ತನ್ನ ಹೆಸರು, ಇಷ್ಟೇ ಬರೆಯಲು ಬರುತ್ತಿತ್ತು. ಆದರೆ ಅಕ್ಕನ ಜೊತೆ ಆತ ಮಾತಾಡದ ವಿಷಯವಿರಲಿಲ್ಲ. ಅಕ್ಕ, ತಮ್ಮ ಇಬ್ಬರೂ ಚಿಕ್ಕವರಿದ್ದಾಗಲೇ ಮನೆಯಲ್ಲಿ ಒಂದು ಕೈಮಾತು ಕಟ್ಟಿಕೊಂಡಿದ್ದರು. ಮೂಗಿನ ಬದಿಗೆ ಬೆರಳಿಟ್ಟರೆ ಅವ್ವ. ಅವಳ ನತ್ತಿನ ಗುರುತು. ಕಿವಿಯ ಹಿಂದಕ್ಕೆ ಕೈ ಬೀಸಿದರೆ ನಿನ್ನೆ. ಎರಡು ಬೆರಳು ತುಟಿಗೆ ಹಚ್ಚಿದರೆ ಅಕ್ಕೋರು; ಸೀಟಿ ಊದುವವಳು ಎಂದು. ಕೈಯ ಸನ್ನೆ ಅರ್ಧ, ಮುಖದ್ದು ಇನ್ನರ್ಧ. ಅದೇ ಸನ್ನೆಗೆ ಹುಬ್ಬು ಏರಿಸಿದರೆ ಪ್ರಶ್ನೆ, ಗಲ್ಲ ಉಬ್ಬಿಸಿದರೆ ಬೈಗುಳ. ಈ ಭಾಷೆ ಬಲ್ಲವರು ಜಗತ್ತಿನಲ್ಲಿ ಅವರಿಬ್ಬರೇ.

ಅಕ್ಕೋರು ಅದನ್ನು ಮೈದಾನಕ್ಕೂ ತಂದಿದ್ದರು. ಒಮ್ಮೆ ಸಿಂದಗಿಯಲ್ಲಿ ಇಂಡಿ ಊರಿನ ಶಾಲೆಯ ಮೇಲೆ ನಮ್ಮ ಹುಡುಗಿಯರ ಆಟ. ಗೆರೆಯ ಹೊರಗೆ ನಿಂತ ಶಿಕ್ಷಕರು ಕೂಗುವಂತಿರಲಿಲ್ಲ. ಅಕ್ಕೋರು ತುಟಿ ಬಿಚ್ಚದೆ ನಿಂತು ಗಲ್ಲ ಮುಟ್ಟುವುದು, ಮೊಣಕೈ ತಟ್ಟುವುದು, ಗಾಳಿಯಲ್ಲಿ ಕೈ ತಿರುವುವುದು ನಡೆಸಿದ್ದರು. ನಮ್ಮ ಹುಡುಗಿಯರು ಅದನ್ನು ನೋಡಿ ನೋಡಿ ತಿರುಗುತ್ತಿದ್ದರು. ಇಂಡಿಯ ಮಾಸ್ತರರು ಹೋಗಿ ಅಂಪೈರಿಗೆ ದೂರು ಕೊಟ್ಟರು. ಅಂಪೈರ್ ಬಂದು, "ಏನ್ರಿ ಅಕ್ಕೋರ, ಏನದು ಕೈ ಮಾಡೂದು?" ಎಂದರು.

"ಏನಿಲ್ರಿ ಸರ, ಸೊಳ್ಳಿ ಹೊಡ್ಯಾಕತ್ತೇನಿ" ಎಂದರು ಅಕ್ಕೋರು.

ಮಟಮಟ ಮಧ್ಯಾಹ್ನ. ಅಂಪೈರ್ ನಕ್ಕು ಸುಮ್ಮನಾದರು. ಗೆದ್ದು ಬಂದೆವು.

ನಿವೃತ್ತಿಯಾದ ಮೇಲೂ ಅವರ ಜಾಗಕ್ಕೆ ಯಾರೂ ಬರಲಿಲ್ಲವಾದ್ದರಿಂದ ಅಕ್ಕೋರು ತಾವಾಗಿಯೇ ದಿನಾ ಸಂಜೆ ಮೈದಾನಕ್ಕೆ ಬರುತ್ತಿದ್ದರು. ತಾಲೂಕು ಮಟ್ಟದ ಕ್ರೀಡಾಕೂಟ ಹತ್ತಿರವಿದ್ದ ಒಂದು ಸಂಜೆ ಶಾಲೆಯ ಸಿಪಾಯಿ ಸುಣ್ಣದ ಪುಡಿಯಲ್ಲಿ ಅಂಕಣದ ಗೆರೆ ಎಳೆದು ಮುಗಿಸಿದ್ದ. ಅಕ್ಕೋರು ನೋಡಿ ರೇಗಿದರು.

"ಏ, ಏನ್ ಗೆರಿ ಹಾಕೀಯೋ ಇದು? ಹಾವು ಹರದಂಗ ಐತಿ!"

"ಹಗ್ಗ ಹಿಡದ ಹಾಕೇನ್ರಿ ಅಕ್ಕೋರ."

"ಅಳಿಸು. ಮತ್ತ ಹಾಕು."

ಪಾಪ, ಅವನು ಅಳಿಸಿ ಮತ್ತೆ ಹಾಕಿದ. ಅಕ್ಕೋರಿಗೆ ಸಮಾಧಾನವಾಗಲಿಲ್ಲ. ಅಲ್ಲೇ ಹಾದುಹೋಗುತ್ತಿದ್ದ ನನ್ನನ್ನು ಕರೆದರು. "ನೀ ನೋಡವಾ. ನೆಟ್ಟಗೈತೇನು ಇದು?"

ಗೆರೆ ನೆಟ್ಟಗಿತ್ತು. ಹಾಗೆಂದೆ. ಅವರು ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಸಿಪಾಯಿಗೆ, "ಛಲೋ ಹಾಕೀಯೋ ತಮ್ಮಾ, ಹೋಗು ಚಾ ಕುಡಿ" ಎಂದು ಹೇಳಿ, ವರಾಂಡದ ಮೆಟ್ಟಿಲ ಮೇಲೆ ಕುಳಿತರು. ಹುಡುಗಿಯರು ಆಡುತ್ತಿದ್ದರೂ ಸೀಟಿ ಊದಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಕೇಳಿದರು: "ಆ ಕಂಬ ಬಾಗೇತೇನು? ಬಾಗಲಾದ ಚೌಕಟ್ಟು?" ಯಾವುದೂ ಬಾಗಿರಲಿಲ್ಲ. ಪ್ರತಿಯೊಂದಕ್ಕೂ ಇಲ್ಲ ಎನ್ನುತ್ತ ಹೋದೆ.

ಸೊಲ್ಲಾಪುರದ ಡಾಕ್ಟರು ನೋಡಿ, ಕಣ್ಣಿನೊಳಗಿನ ಪರದೆಯ ನಡುಭಾಗ ವಯಸ್ಸಿನಿಂದ ಸವೆಯುತ್ತಿದೆ ಎಂದರು. ಕಣ್ಣಿಗೇ ಚುಚ್ಚಿ ಔಷಧ ಹಾಕಿದರು. ಒಳಗೆ ಒಸರುತ್ತಿದ್ದ ರಕ್ತ ನಿಂತಿತು, ಆದರೆ ಅದು ನಿಂತ ಜಾಗದಲ್ಲಿ ಕಲೆ ಉಳಿಯಿತು. ಎರಡು ಮಳೆಗಾಲ ಕಳೆಯುವುದರೊಳಗೆ ಎರಡೂ ಕಣ್ಣಿನ ನಡುಭಾಗ ಹೋಗಿತ್ತು. ಬದಿಯ ನೋಟ ಮಾತ್ರ ಉಳಿದಿತ್ತು. ಎದುರಿಗೆ ನಿಂತವರ ಕಿವಿ ಕಾಣುತ್ತಿತ್ತು, ಭುಜ ಕಾಣುತ್ತಿತ್ತು, ಮುಖ ಇರಬೇಕಾದಲ್ಲಿ ಹೊಗೆ. ಹಾಗಾಗಿ ಅವರು ಯಾರನ್ನು ನೋಡಬೇಕಾದರೂ ಮುಖವನ್ನು ಬೇರೆ ಕಡೆ ತಿರುಗಿಸಿ ಓರೆಯಾಗಿ ನೋಡುತ್ತಿದ್ದರು. ಗುರುತು ಸಿಗದೆ ಎಷ್ಟೋ ಜನರನ್ನು ಮಾತಾಡಿಸದೆ ಹೋಗುತ್ತಿದ್ದರು. "ಪಿಂಚಣಿ ಬಂದ ಮ್ಯಾಲ ಅಕ್ಕೋರಿಗೆ ಸೊಕ್ಕ ಬಂದೈತಿ ನೋಡ್ರಿ, ಮಾರಿ ತಿರುವ್ತಾರ" ಎಂದು ಪೇಟೆಯಲ್ಲಿ ಆಡಿಕೊಂಡರು. ನಾನು ಸಿಟ್ಟಿಗೆದ್ದು ಇದನ್ನು ಹೇಳಿದಾಗ ಅಕ್ಕೋರು, "ಇರ್ಲಿ ಬಿಡು. ಕುಡ್ಡಿ ಅನ್ನೂಕ್ಕಿಂತ ಸೊಕ್ಕಿನಾಕಿ ಅನ್ನೂದು ಛಲೋ" ಎಂದರು.

ಆದರೆ ತಮ್ಮನೂ ಹಾಗೆಯೇ ತಿಳಿದಿದ್ದ. ತಾನು ಎದುರು ನಿಂತು ಮಾತಾಡಿದರೆ ಅಕ್ಕ ಮುಖ ತಿರುಗಿಸುತ್ತಾಳೆ, ಉತ್ತರ ಕೊಡುವುದಿಲ್ಲ. ತನ್ನ ಮೇಲೆ ಏನೋ ಸಿಟ್ಟು. ಆತ ಊಟ ಬಿಟ್ಟು ಗಿರಣಿಯಲ್ಲೇ ಕೂರತೊಡಗಿದ. ಕಣ್ಣು ಮುಚ್ಚಿ ತೋರಿಸಿ, ನನಗೆ ಕಾಣುವುದಿಲ್ಲ ಎಂದು ಅಕ್ಕೋರು ಹೇಳಿದರೆ ಆತ ನಂಬಲಿಲ್ಲ. ಬಾಗಿಲು ಹಾಯ್ದು ಬರುತ್ತಾಳೆ, ಬಚ್ಚಲಿಗೆ ಹೋಗುತ್ತಾಳೆ, ಅಡ್ಡ ಬಂದ ಬೆಕ್ಕನ್ನು ದಾಟುತ್ತಾಳೆ. ಕಾಣುವುದಿಲ್ಲ ಎಂದರೆ ಏನರ್ಥ?

ಒಂದು ದಿನ ನಾನು ಅವರ ಮನೆಯಲ್ಲಿದ್ದಾಗ ಅಕ್ಕೋರು ರೊಟ್ಟಿಗೆ ಕಲಸಿದ ಹಿಟ್ಟಿನಿಂದ ಎರಡು ಚಿಕ್ಕ ಬಿಲ್ಲೆ ಮಾಡಿಕೊಂಡರು. ತಮ್ಮನ ಚಸ್ಮಾ ತೆಗೆದುಕೊಂಡು ಎರಡೂ ಗಾಜಿನ ನಡುವೆ ಒಂದೊಂದು ಅಂಟಿಸಿ ಆತನ ಮೂಗಿಗೆ ಏರಿಸಿದರು. ಆತನ ಎದುರಿಗೆ ನಿಂತು ಎರಡೂ ಕೈಯಿಂದ ಮಾತಾಡಿದರು. ಆತ ತಲೆಯನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಕತ್ತು ಚಾಚಿದ. ಆಮೇಲೆ ಸ್ತಬ್ಧನಾದ. ಅಳಲಿಲ್ಲ. ಆ ಚಸ್ಮಾವನ್ನು ತೆಗೆಯದೆಯೇ ಗಿರಣಿಗೆ ಹೋದ. ಹಿಟ್ಟು ಒಣಗಿ ಉದುರುವವರೆಗೂ, ಸಂಜೆಯ ತನಕ, ಹಾಗೆಯೇ ಜೋಳ ಬೀಸಿದ. ಬಂದವರು ಹುಚ್ಚು ಹಿಡಿಯಿತೆಂದು ನಕ್ಕರು.

ಅಂದಿನಿಂದ ಆತನ ಸಿಟ್ಟು ಹೋಯಿತು. ಮಾತು ಮಾತ್ರ ಹುಟ್ಟಲಿಲ್ಲ. ಅಕ್ಕ ಹೇಳಿದ್ದು ತಮ್ಮನಿಗೆ ತಿಳಿಯುತ್ತಿತ್ತು. ತಮ್ಮ ಹೇಳಿದ್ದು ಅಕ್ಕನಿಗೆ ತಲುಪುತ್ತಿರಲಿಲ್ಲ. ಆತನ ಕೈ ಹಿಡಿದುಕೊಂಡು ತಿಳಿಯಲು ನೋಡಿದರು. ಹುಬ್ಬು ಹೇಳುವುದನ್ನು ಕೈ ಹೇಳುವುದಿಲ್ಲವಲ್ಲ. ಹಸಿವು, ನೀರು, ಹೋಗುತ್ತೇನೆ, ಇಷ್ಟಕ್ಕೆ ಅವರ ಸಂಸಾರದ ಮಾತು ಇಳಿಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಆತ ಗಿರಣಿಯಲ್ಲಿ ಹೊಟ್ಟೆ ಹಿಡಿದುಕೊಂಡು ಬಿದ್ದ. ತಾಲೂಕು ಆಸ್ಪತ್ರೆಗೆ ಒಯ್ದೆವು. ಎಲ್ಲಿ ನೋವು, ಎಂದಿನಿಂದ, ಏನು ತಿಂದಿದ್ದ ಎಂದು ಡಾಕ್ಟರು ಕೇಳಿದರು. ಅಕ್ಕೋರು ಕೈಯಿಂದ ಕೇಳಿದರು. ಆತ ಬೆವರುತ್ತ, ಮುಖ ಕಿವುಚುತ್ತ, ಎರಡೂ ಕೈಯಿಂದ ಎಡೆಬಿಡದೆ ಹೇಳುತ್ತಿದ್ದ. ಅಕ್ಕೋರು ಮಂಚದ ಆ ಬದಿಗೆ ಹೋದರು, ಈ ಬದಿಗೆ ಬಂದರು, ತಲೆ ಓರೆ ಮಾಡಿದರು, ಬಗ್ಗಿದರು. "ಏನಂತಾನ? ಯಾರಿಗರ ತಿಳಿತೇನು? ಏನಂತಾನ ಹೇಳ್ರಿ!" ಎಂದು ಕೂಗಿದರು. ಯಾರಿಗೂ ತಿಳಿಯಲಿಲ್ಲ. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಮೂತ್ರಪಿಂಡದ ಕಲ್ಲು ಎಂದಾಯಿತು, ಔಷಧದಿಂದ ಹೋಯಿತು. ಆದರೆ ಆ ದಿನ ಅಕ್ಕೋರ ಮುಖದಲ್ಲಿ ಬಂದ ಹೆದರಿಕೆ ಮತ್ತೆ ಇಳಿಯಲಿಲ್ಲ. "ಎದಿ ನೋವು ಅಂತ ಹೇಳಿದ್ರ?" ಎಂದು ವಾರಗಟ್ಟಲೆ ಕೇಳುತ್ತಿದ್ದರು, ಯಾರನ್ನೂ ಕುರಿತಲ್ಲದೆ.

ಸಿಂದಗಿಯಲ್ಲಿ ಅವರ ದೊಡ್ಡಕ್ಕನ ಮನೆ; ತಮ್ಮ ಚಿಕ್ಕವನಿದ್ದಾಗಲೇ ಮದುವೆಯಾಗಿ ಹೋದವರು, ಕೈಮಾತು ಬಾರದು. ದೊಡ್ಡಕ್ಕ ಹಿಂದೆಯೇ ಅಲ್ಲಿನ ಕಣ್ಣಿನ ಶಿಬಿರದಲ್ಲಿ ಅಕ್ಕೋರ ಎಡಗಣ್ಣಿನ ಪೊರೆ ತೆಗೆಸಿದ್ದರು. ಪೊರೆ ಹೋದರೂ ನಡುವಿನ ಹೊಗೆ ಹೋಗಿರಲಿಲ್ಲ. ಬಲಗಣ್ಣಿನದೂ ತೆಗೆಸಿಬಿಡೋಣವೆಂದು ಹೆಸರು ಬರೆಸಿಯೂ ಆಗಿತ್ತು. ಅಷ್ಟರಲ್ಲಿ ಸೊಲ್ಲಾಪುರದ ಡಾಕ್ಟರು ಒಂದು ಸುದ್ದಿ ಹೇಳಿದರು: ಹೈದರಾಬಾದಿನಲ್ಲಿ ಒಬ್ಬರು ಕಣ್ಣಿನೊಳಗೇ ಚಿಕ್ಕ ದುರ್ಬೀನು ಕೂರಿಸುತ್ತಾರೆ, ಎಲ್ಲರಿಗೂ ಆಗುವಂಥದಲ್ಲ, ಹೋಗಿ ತೋರಿಸಿ, ಆದರೆ ಅದು ಪೊರೆಯ ಆಪರೇಷನ್ ಆಗದ ಕಣ್ಣಿಗೆ ಮಾತ್ರ, ಬಲಗಣ್ಣನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ. ಶಿಬಿರಕ್ಕೆ ಇನ್ನೊಂದೇ ವಾರವಿತ್ತು. ಅಕ್ಕೋರು ಆ ಮಾತು ಕೇಳಿ ಬಲಗಣ್ಣಿನ ಮೇಲೆ ಅಂಗೈ ಮುಚ್ಚಿಕೊಂಡರು, ಯಾರೋ ಈಗಲೇ ಕಿತ್ತುಕೊಳ್ಳುತ್ತಾರೋ ಎಂಬಂತೆ.

ಹೈದರಾಬಾದಿಗೆ ಮೂವರೂ ಹೋದೆವು. ಅಲ್ಲಿನ ಡಾಕ್ಟರಮ್ಮ ಸಾವಧಾನದ ಹೆಂಗಸು. ನಮ್ಮ ವಿಜಾಪುರದ ಉರ್ದುವಿಗೆ ತಮ್ಮ ಹೈದರಾಬಾದಿನ ಉರ್ದು ಹೊಂದಿಸಿ ಎಲ್ಲವನ್ನೂ ಬಿಡಿಸಿ ಹೇಳಿದರು. ಬಟಾಣಿ ಕಾಳಿನಷ್ಟು ದುರ್ಬೀನು. ಕಣ್ಣಿನ ಸ್ವಂತ ಮಸೂರ ತೆಗೆದು ಆ ಜಾಗದಲ್ಲಿ ಇಡುವುದು. ಅದು ಎದುರಿನದನ್ನು ದೊಡ್ಡದು ಮಾಡಿ, ಸತ್ತ ನಡುಭಾಗದ ಸುತ್ತ ಇನ್ನೂ ಜೀವ ಇರುವ ಪರದೆಯ ಮೇಲೆ ಬೀಳಿಸುತ್ತದೆ. ಹಳೆಯ ದೃಷ್ಟಿ ಬರುವುದಿಲ್ಲ. ಆ ಕಣ್ಣಿನ ಬದಿಯ ನೋಟ ಹೋಗುತ್ತದೆ, ನಡೆಯಲು ಎಡಗಣ್ಣೊಂದೇ. ಯಾವಾಗ ಯಾವ ಕಣ್ಣಿನಿಂದ ನೋಡಬೇಕೆಂದು ಮಿದುಳಿಗೆ ಕಲಿಸಲು ತಿಂಗಳುಗಳು ಬೇಕು. ಕೊನೆಯದಾಗಿ ಅವರು ಇನ್ನೊಂದು ಮಾತು ಹೇಳಿದರು: ಕಣ್ಣಿನ ಮುಂದಿನ ಗಾಜಿನಂಥ ಪದರದಲ್ಲಿ ಇರಬೇಕಾದ ಜೀವಕೋಶಗಳು ಇವರಿಗೆ ಅಂಚಿನಲ್ಲಿವೆ. ಆಪರೇಷನ್ನಿನಲ್ಲಿ ಇನ್ನಷ್ಟು ಸಾಯುತ್ತವೆ. ಹೆಚ್ಚು ಸತ್ತರೆ ಗಾಜು ಮಬ್ಬಾಗುತ್ತದೆ. ಆಗ ಬೇರೆಯವರ ಪದರ ತಂದು ಕೂರಿಸಬೇಕಾದೀತು.

ಮೊದಲು ಹೊರಗಿನಿಂದ ಒಂದು ದುರ್ಬೀನು ಕಣ್ಣಿಗೆ ಹಿಡಿದು ನೋಡಿಸುವ ಪರೀಕ್ಷೆ ಇತ್ತು. ಗೋಡೆಯ ಮೇಲಿನ ಅಕ್ಷರ ತೋರಿಸಲು ಬಂದ ಹುಡುಗಿಗೆ ಅಕ್ಕೋರು, "ಅಕ್ಷರ ಆಮ್ಯಾಲ. ನಮ್ಮ ತಮ್ಮಗ ಎದರಿಗೆ ನಿಂದ್ರಸ್ರಿ" ಎಂದರು. ಆತ ಗೋಡೆಗೆ ಬೆನ್ನು ಹಚ್ಚಿ ನಿಂತ. ಅಕ್ಕೋರು ದುರ್ಬೀನನ್ನು ಅತ್ತಿತ್ತ ಆಡಿಸಿದರು, ಮೇಲೆ ಹೋದರು, ಕೆಳಗೆ ಬಂದರು. ಒಮ್ಮೆಲೇ ನಿಂತರು.

"ಅಂಗಿ ಗುಂಡಿ ತಪ್ಪಿ ಹಾಕ್ಯಾನ" ಎಂದರು.

ನಾನು ನೋಡಿದೆ. ಹೌದು, ಒಂದು ಗುಂಡಿ ಮೇಲಕ್ಕೆ ಹೋಗಿತ್ತು. ಅಷ್ಟರಲ್ಲಿ ತಮ್ಮ ಕೈಯಿಂದ ಏನೋ ಹೇಳಿದ, ಚಿಕ್ಕದು. ಅಕ್ಕೋರು ದುರ್ಬೀನು ಇಳಿಸಿ ಮಡಿಲಲ್ಲಿಟ್ಟುಕೊಂಡರು.

"ಏನಂದ್ರು ಅವ್ರು?" ಎಂದೆ.

"ಮನಿಗೆ ಹೋಗೂಣು ಅಂದ." ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಇಷ್ಟ ದಿನದ ಮ್ಯಾಲ ಇಂವನ ಮಾತು ಕಂಡ್ನಿ ನೋಡವಾ. ಅದೂ ಬ್ಯಾಡ ಅನ್ನೂ ಮಾತು" ಎಂದರು.

ದೊಡ್ಡಕ್ಕ ಸಿಂದಗಿಯಿಂದ ಬಂದು ಎರಡು ದಿನ ಕುಳಿತರು. "ಇದ್ದ ಕಣ್ಣಾಗರ ಬಚ್ಚಲ ತನಾ ಹೋಗ್ತಿ. ಅದೂ ಹೋದ್ರ ನಿಮ್ಮಿಬ್ಬರ್ನೂ ಯಾರ್ ನೋಡಬೇಕು? ಹ್ಞಾಂ?"

"ನಂಗ ಬಚ್ಚಲ ಕಾಣ್ತೈತಿ ಬೇ ಅಕ್ಕಾ" ಎಂದರು ಅಕ್ಕೋರು. "ಇಂವನ ಮಾತು ಕಾಣವಲ್ದು."

ಆಪರೇಷನ್ನಿಗೆ ಒಪ್ಪಿದರೂ ಅಕ್ಕೋರು ತಕ್ಷಣ ಹೊರಡಲಿಲ್ಲ. ಅದಕ್ಕೆ ಮೊದಲು ಒಂದು ಕೆಲಸ ಇದೆ ಎಂದರು. ಊರಲ್ಲಿದ್ದ ತಮ್ಮ ಹಳೆಯ ಆಟಗಾರ್ತಿಯರಿಗೆ ಹೇಳಿ ಕಳಿಸಿದರು. ಒಬ್ಬಳು ತಾಲೂಕು ಆಸ್ಪತ್ರೆಯಲ್ಲಿ ನರ್ಸು, ಒಬ್ಬಳು ಬ್ಲೌಸು ಹೊಲಿಯುವವಳು, ಇನ್ನಿಬ್ಬರು ಮನೆ ಮಕ್ಕಳು ನೋಡಿಕೊಂಡಿದ್ದವರು. ನಾನೂ ಸೇರಿದೆ. ಗಿರಣಿಗೆ ರಜೆ ಇರುವ ಭಾನುವಾರ ಮಧ್ಯಾಹ್ನ ಗಿರಣಿಯ ಮುಂದಿನ ಕಟ್ಟೆಯ ಮೇಲೆ ಕೂಡಿಸಿ ಹೇಳಿದರು: "ನನ್ನ ಕಣ್ಣು ಬಂದ್ರ ಬರ್ಲಿ, ಹೋದ್ರ ಹೋಗ್ಲಿ. ಇಂವ ಮೂಕ ಆಗಬಾರದು. ಇಲ್ಲೀ ಮಟಾ ಇಂವ ಮೂಕ ಅಲ್ಲ."

ಹೀಗೆ ಆ ಇಬ್ಬರ ಭಾಷೆಯ ಪಾಠ ಶುರುವಾಯಿತು. ನಾವು ಮಾಡುವ ಸನ್ನೆ ಅಕ್ಕೋರಿಗೆ ಕಾಣದು. ಅವರು ಬಾಯಿಂದ ಒಂದು ಶಬ್ದ ಹೇಳುವರು, ತಮ್ಮ ಅದನ್ನು ಕೈಯಿಂದ ತೋರಿಸುವನು, ನಾವು ಮಾಡುವೆವು. ಮೊದಮೊದಲು ಆತ ನಾಚಿ ಗಿರಣಿಯೊಳಗೆ ಹೋಗಿ ನಿಂತುಬಿಡುತ್ತಿದ್ದ. ಆದರೆ ಆ ಹಳೆಯ ಹುಡುಗಿಯರಿಗೆ ಕೂರು, ತಿರುಗು, ಎಡಕ್ಕೆ, ಮೋಸ ಮುಂತಾದ ಸನ್ನೆಗಳು ಮೈದಾನದ ಕಾಲದಿಂದ ಇನ್ನೂ ನೆನಪಿದ್ದವು. ನರ್ಸು ಅದನ್ನೆಲ್ಲ ಕೂಡಿಸಿ, "ಇಕಿ ಬ್ಲೌಸ್ ಹೊಲ್ಯೂದ್ರಾಗ ಮೋಸ ಮಾಡ್ತಾಳ" ಎಂದು ಗೆಳತಿಯ ಮೇಲೆ ಕೈಮಾತಿನಲ್ಲಿ ಚಾಡಿ ಹೇಳಿದಳು. ಆತ ಬಾಯಿ ತೆರೆದು ನೋಡಿದ. ಅಕ್ಕನನ್ನು ಬಿಟ್ಟು ಬೇರೊಬ್ಬರು ತನ್ನ ಭಾಷೆಯಲ್ಲಿ ಮಾತಾಡಿದ್ದನ್ನು ಅದೇ ಮೊದಲು ಕಂಡದ್ದು. ಅಲ್ಲಿಂದ ಮುಂದೆ ಆತನೇ ಕಟ್ಟುನಿಟ್ಟಿನ ಮಾಸ್ತರನಾದ. ಹುಬ್ಬು ತಪ್ಪಿದರೆ ನಮ್ಮ ಮಣಿಕಟ್ಟಿನ ಮೇಲೆ ಬೆರಳಿನಿಂದ ಹೊಡೆಯುತ್ತಿದ್ದ. ಎಲ್ಲರಿಗಿಂತ ಹೆಚ್ಚು ಏಟು ತಿಂದವಳು ನಾನು.

ಆಪರೇಷನ್ನಿನ ದಿನ ಹೈದರಾಬಾದಿನ ಆಸ್ಪತ್ರೆಯ ಪಡಸಾಲೆಯಲ್ಲಿ ನಾನು, ಆತ ಇಬ್ಬರೇ ಕುಳಿತಿದ್ದೆವು. ಅಕ್ಕೋರನ್ನು ಒಳಗೆ ಒಯ್ದಿದ್ದರು. ಸ್ವಲ್ಪ ಹೊತ್ತಾದ ಮೇಲೆ ಆತ ನನ್ನತ್ತ ತಿರುಗಿ ಏನೋ ಕೇಳಿದ. ತಿಳಿಯಲಿಲ್ಲ. ಮತ್ತೆ ಕೇಳಿದ. ಎಲ್ಲ ಚೆನ್ನಾಗಿ ಆಗುತ್ತದಲ್ಲವೇ ಎನ್ನುತ್ತಿರಬೇಕು ಎಂದುಕೊಂಡು ನಗುತ್ತ ಹೌದೆಂದು ತಲೆಯಾಡಿಸಿದೆ. ಆತನ ಮುಖ ಬಿಳಿಚಿತು. ಎದ್ದು ಹೋಗಿ ಆಪರೇಷನ್ ಕೋಣೆಯ ಬಾಗಿಲನ್ನು ಎರಡೂ ಅಂಗೈಯಿಂದ ಬಡಿಯತೊಡಗಿದ. ಇಬ್ಬರು ಕಾವಲಿನವರು ಬಂದು ಹಿಡಿದುಕೊಂಡರು. ಆತ ಕೇಳಿದ್ದು, ಅವಳಿಗೆ ನೋಯುತ್ತಿದೆಯಾ ಎಂದಂತೆ. ಅದು ಆಮೇಲೆ ಗೊತ್ತಾಯಿತು.

ಪಟ್ಟಿ ಬಿಚ್ಚಿದಾಗ ಕಂಡದ್ದು ಬರೀ ಬಿಳುಪು. "ಹಾಲಿನ ಗಡಿಗ್ಯಾಗ ತಲಿ ಇಟ್ಟಂಗ ಐತಿ" ಎಂದರು ಅಕ್ಕೋರು. ಕಣ್ಣಿನ ಮುಂದಿನ ಪದರ ಬಾತಿತ್ತು. ಇಳಿಯಬಹುದು, ಇಳಿಯದೆಯೂ ಇರಬಹುದು, ಕಾಯಬೇಕು ಎಂದರು ಡಾಕ್ಟರಮ್ಮ. ಹನಿ ಔಷಧ ಹಾಕುತ್ತ, ಹೈದರಾಬಾದಿಗೆ ಮತ್ತೆ ಮತ್ತೆ ಹೋಗುತ್ತ ಕಾದೆವು. ಡಾಕ್ಟರಮ್ಮ ದೀಪ ಹಿಡಿದು ಕಣ್ಣು ನೋಡಿ ಪ್ರತಿ ಸಲ "ಹೂಂ" ಎನ್ನುತ್ತಿದ್ದರು. ಒಳ್ಳೆಯ ಹೂಂ ಯಾವುದು, ಕೆಟ್ಟ ಹೂಂ ಯಾವುದು ನಮಗೆ ತಿಳಿಯದು. "ಆಕಿ ಹೂಂ ಅಂದ್ರ ನನ್ನ ಹೊಟ್ಯಾಗ ಗಿರಣಿ ತಿರಗತೈತಿ" ಎನ್ನುತ್ತಿದ್ದರು ಅಕ್ಕೋರು. ಬಾವು ಇಂಚಿಂಚಾಗಿ ಇಳಿಯಿತು. ಬಿಳುಪು ಹೋದ ಮೇಲೆ ಇನ್ನೊಂದು ಕಷ್ಟ ಬಂತು. ಬಲಗಣ್ಣಿಗೆ ಎಲ್ಲವೂ ಹತ್ತಿರ ಮತ್ತು ದೊಡ್ಡದು, ಎಡಗಣ್ಣಿಗೆ ದೂರ ಮತ್ತು ಚಿಕ್ಕದು. ಎರಡೂ ಒಂದರ ಮೇಲೊಂದು ಬಂದು ತಲೆ ತಿರುಗಿ ವಾಂತಿಯಾಗುತ್ತಿತ್ತು. ಚಹಾದ ಕಪ್ಪಿಗೆ ಕೈ ಚಾಚಿದರೆ ಕೈ ಅರ್ಧ ದಾರಿಯಲ್ಲೇ ಗಾಳಿ ಹಿಡಿಯುತ್ತಿತ್ತು. ಒಂದು ಬೆಳಿಗ್ಗೆ ಹೊಸ್ತಿಲಲ್ಲಿ ಮುಗ್ಗರಿಸಿ ಬಿದ್ದು ಮೊಣಕಾಲು ಒಡೆದುಕೊಂಡರು. ನಾನು ಅರಿಶಿನ ಒತ್ತುತ್ತಿದ್ದಾಗ, "ತಗಸಿಬಿಡೂಣವಾ ಇದನ್ನ. ನಾ ತಪ್ಪ ಮಾಡಿದ್ನಿ. ಇದ್ದದ್ದೂ ಕಳಕೊಂಡ್ನಿ" ಎಂದು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಒಮ್ಮೆ ಕೂರಿಸಿದ್ದನ್ನು ಸುಮ್ಮನೆ ತೆಗೆಯಲು ಬರುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಮರುದಿನದಿಂದ ತಮ್ಮನ್ನು ತಾವೇ ಆಟಕ್ಕೆ ಹೊಸದಾಗಿ ಬಂದ ಹುಡುಗಿಯ ಹಾಗೆ ನಡೆಸಿಕೊಂಡರು. ಬೆಳಿಗ್ಗೆ ಎದ್ದು ಎಡಗಣ್ಣು ಮುಚ್ಚಿ ಗೋಡೆಯ ಮೇಲಿನ ಕ್ಯಾಲೆಂಡರ್ ಹುಡುಕುವುದು, ಸಿಕ್ಕ ಮೇಲೆ ಅದರ ಮೂಲೆ ಹುಡುಕುವುದು, ಮೂಲೆಯಿಂದ ಮೂಲೆಗೆ ಹೋಗುವುದು. ಕುಳಿತಾಗ ಬಲಗಣ್ಣು, ನಡೆಯುವಾಗ ಎಡಗಣ್ಣು. ತಪ್ಪಿದರೆ ತಮಗೆ ತಾವೇ "ಫೌಲ್" ಎಂದು ಕೂಗಿಕೊಳ್ಳುತ್ತಿದ್ದರು. ತಮ್ಮ ದೂರದಲ್ಲಿ ಕಂಬಕ್ಕೆ ಒರಗಿ ನೋಡುತ್ತಿದ್ದ. ಆತ ಕೈ ಎತ್ತುತ್ತಿರಲಿಲ್ಲ. ಅವಳಿಗೆ ಕಾಣದಿದ್ದರೆ ಎಂಬ ಭಯವಿದ್ದಿರಬೇಕು.

ಕೊನೆಗೆ ಅವರೇ ಒಂದು ಸಂಜೆ ಆತನನ್ನು ಪಡಸಾಲೆಯಲ್ಲಿ ಎದುರು ನಿಲ್ಲಿಸಿದರು. ಆತ ಮಾತಾಡಿದ. ಸದಾ ಮಾಡುವಂತೆ ತೋಳು ಬೀಸಿ, ದೊಡ್ಡದಾಗಿ. ಅಕ್ಕೋರಿಗೆ ಕಾಣುತ್ತಿದ್ದುದು ಒಂದು ಚಿಕ್ಕ ಗುಂಡಗಿನ ಜಾಗ. ಕೈ ಅದರೊಳಗೆ ಮಿಂಚಿ ಹೊರಗೆ ಹೋಗುತ್ತಿತ್ತು. "ಎಲ್ಲಿ ಓಡ್ತಿಯೋ! ಕೈ ಸಣ್ಣಾಂಗ ಮಾಡು, ಸಣ್ಣಾಂಗ!" ಎಂದು ಕೂಗಿ, ಆತನ ಎರಡೂ ಕೈ ಹಿಡಿದು ಗಲ್ಲದ ಹತ್ತಿರ ತಂದಿಟ್ಟರು. ಆತ ಪ್ರಯತ್ನಿಸಿದ. ಅರವತ್ತು ವರ್ಷ ತೋಳಿನಿಂದ ಮಾತಾಡಿದವನು ಬೆರಳಿನಿಂದ ಮಾತಾಡಲು ಕಲಿಯಬೇಕಿತ್ತು. ಹಲವು ಸಂಜೆ ಹೀಗೆ ಹೋದವು. ಒಂದು ದಿನ ನಾನೂ ಅಲ್ಲಿದ್ದೆ. ಆತ ಗಲ್ಲದ ಕೆಳಗೆ ಕೈ ಹಿಡಿದು ನಿಧಾನವಾಗಿ ಒಂದು ಪೂರ್ತಿ ವಾಕ್ಯ ಹೇಳಿದ. ಅಕ್ಕೋರು ಎಡಗಣ್ಣು ಮುಚ್ಚಿ, ಕತ್ತು ಮುಂದೆ ಚಾಚಿ ನೋಡಿದರು. ಅವರ ಬಾಯಿ ಅಲುಗಿತು.

"ಏನಂತಾರ್ರಿ?" ಎಂದು ಕೇಳಿದೆ.

"ಪಲ್ಯಾಕ್ಕ ಉಪ್ಪು ಹೆಚ್ಚ ಹಾಕ್ತೀನಂತ! ವರ್ಷದಿಂದ ಹೇಳಾಕತ್ತಾನಂತ!" ಎಂದು ಅಕ್ಕೋರು ಕಿರುಚಿದರು. ನಂತರ ತಮ್ಮನತ್ತ ತಿರುಗಿ ಕೈಯಿಂದಲೂ ಬಾಯಿಂದಲೂ ಒಟ್ಟಿಗೇ, "ಮತ್ತ ಉಣ್ಣೂದು ಬಿಡಬೇಕಿಲ್ಲ? ತಾಟು ನೆಕ್ಕಿ ಉಂಡಿಯಲ್ಲೋ!" ಎಂದರು. ಆತ ಗಲ್ಲ ಉಬ್ಬಿಸಿದ. ಅವರು ಮತ್ತೆ ಬೈದರು. ಆ ಜಗಳ ಕತ್ತಲಾಗುವವರೆಗೂ ನಡೆಯಿತು. ನನಗೆ ಊಟಕ್ಕೆ ಏಳು ಎನ್ನುವವರೇ ಇರಲಿಲ್ಲ.

ದುರ್ಬೀನಿನಿಂದ ಆಗದೆ ಉಳಿದದ್ದೂ ಬಹಳ. ದಾರಿಯಲ್ಲಿ ಸಿಕ್ಕವರು ಯಾರೆಂದು ತಿಳಿಯುತ್ತಿರಲಿಲ್ಲ, ಓಡುವ ಆಟಗಾರ್ತಿಯನ್ನು ಹಿಂಬಾಲಿಸಲು ಆಗುತ್ತಿರಲಿಲ್ಲ. ನನಗೆ ಬಸವನ ಬಾಗೇವಾಡಿಗೆ ವರ್ಗವಾದ ಮೇಲೆ ಒಮ್ಮೆ ಅಲ್ಲಿನ ಪಂದ್ಯಕ್ಕೆ ಅಕ್ಕೋರನ್ನು ಕರೆದುಕೊಂಡು ಹೋಗಿದ್ದೆ. ಅವರು ಆಟ ಬಿಟ್ಟು, ಔಟಾಗಿ ಹೊರಗೆ ಕುಳಿತ ಒಬ್ಬ ಹುಡುಗಿಯನ್ನೇ ಬಲಗಣ್ಣಿನಿಂದ ನೋಡುತ್ತಿದ್ದರು. "ಆ ಕೂಸು ಅಳಾಕತ್ತೈತಿ, ಯಾರರ ಹೋಗ್ರಿ" ಎಂದು ನನ್ನನ್ನು ಎಬ್ಬಿಸಿ ಕಳಿಸಿದರು. ಕಣ್ಣಿನ ಪದರ ಮಬ್ಬಾಗುವ ಭಯವೂ ತಪ್ಪಿರಲಿಲ್ಲ. ಹೈದರಾಬಾದಿನ ತಪಾಸಣೆ ಹತ್ತಿರ ಬಂದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಮೊದಲು ತಮ್ಮನ ಮುಖ ಹುಡುಕಿ, ಹುಬ್ಬು ಸ್ಪಷ್ಟ ಕಂಡರೆ, "ಇವತ್ತ ಐತಿ" ಎನ್ನುತ್ತಿದ್ದರಂತೆ. ಭಾನುವಾರದ ಪಾಠ ಮಾತ್ರ ನಿಲ್ಲಿಸಲಿಲ್ಲ. "ಈಗ ನಿಮ್ಗ ಕಾಣ್ತೈತಲ್ರಿ, ಮತ್ಯಾಕ?" ಎಂದು ನಾನು ಕೇಳಿದರೆ, "ಕಣ್ಣಿಂದೇನು ಭರೋಸಾ? ನಂದರ ಏನು ಭರೋಸಾ?" ಎನ್ನುತ್ತಿದ್ದರು. ತಿಂಗಳಿಗೊಮ್ಮೆಯಾದರೂ ಬಸ್ಸು ಹತ್ತಿ ಹೋಗಿ ನಾನು ಏಟು ತಿಂದು ಬರುತ್ತಿದ್ದೆ.

ಈ ವರ್ಷ ಮಳೆ ನಿಂತ ಮೇಲೆ ಒಂದು ದಿನ ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಕಿಟಕಿಯ ಹೊರಗೆ ಗಿರಣಿ ತಮ್ಮ ನಿಂತಿದ್ದ. ಒಬ್ಬನೇ ಬಸ್ಸಿನಲ್ಲಿ ಬಂದಿದ್ದ. ಕೂದಲಲ್ಲಿ ಹಿಟ್ಟು ಹಾಗೆಯೇ ಇತ್ತು. ಮುದ್ದೇಬಿಹಾಳದಿಂದ ನರ್ಸು ನನಗೆ ಫೋನ್ ಮಾಡುತ್ತಲೇ ಇದ್ದಳಂತೆ. ನನ್ನ ಫೋನು ಸ್ಟಾಫ್ ರೂಮಿನ ಚೀಲದಲ್ಲಿತ್ತು. ನಾನು ಹೊರಗೆ ಓಡಿದೆ. ಆತ ಎರಡು ಬೆರಳು ತುಟಿಗೆ ಹಚ್ಚಿದ. ಆಮೇಲೆ ಎದೆಯ ಮೇಲೆ ಮುಷ್ಟಿಯನ್ನು ಗುಂಡಗೆ ತಿರುಗಿಸಿ, ನಿಲ್ಲಿಸಿ, ಅಂಗೈ ಬಿಚ್ಚಿದ. ಗಿರಣಿ ನಿಂತಿತು ಎನ್ನಲು ಅವರ ಮನೆಯಲ್ಲಿ ಹೀಗೇ ಮಾಡುತ್ತಿದ್ದರು.

ಬೆಳಿಗ್ಗೆ ಚಹಾ ಕುಡಿಯುವಾಗ, ಎಂದ. ಎದುರಿಗೆ ಕುಳಿತಿದ್ದಳು. ಎಡಗಣ್ಣು ಮುಚ್ಚಿಕೊಂಡು ನನ್ನ ಕೈ ನೋಡುತ್ತಿದ್ದಳು. ನಾನು ಮಾತಾಡುತ್ತಿದ್ದೆ. ಬಲಗಣ್ಣು ನನ್ನ ಮೇಲೇ ಇತ್ತು, ಕೇಳುತ್ತಿದ್ದಾಳೆ ಎಂದುಕೊಂಡೆ. ಮುಗಿಯುವವರೆಗೂ ಹೇಳಿದೆ. ಆಮೇಲೆ ಉತ್ತರ ಬರಲಿಲ್ಲ.

ಒಂದು ಸನ್ನೆಯೂ ನನಗೆ ತಪ್ಪಲಿಲ್ಲ. ಯಾರೂ ಅರ್ಥ ಹೇಳಿಕೊಡಬೇಕಾಗಲಿಲ್ಲ. ಕೈಯಿಂದಲೇ ಕೇಳಿದೆ: ಏನು ಹೇಳುತ್ತಿದ್ದೆ ಅವಳಿಗೆ?

ಆತ ಕೆನ್ನೆ ಒರೆಸಿಕೊಂಡು ಹೇಳಿದ. ಗಿರಣಿ ತಿರುಗಿಸುವ ಪಟ್ಟಾ ಹಳೆಯದಾಗಿದೆ, ಅಂಚು ಹರಿಯುತ್ತಿದೆ. ಈಗಲೇ ಹೊಸದು ಹಾಕಿಸಲೋ, ದೀಪಾವಳಿ ಆಗಲೆಂದು ಬಿಡಲೋ? ಇಷ್ಟು ಹೇಳಿ, ಹುಬ್ಬು ಏರಿಸಿ, ನನ್ನ ಕೈಯನ್ನೇ ನೋಡುತ್ತ ನಿಂತ.

ಈಗಲೇ ಹಾಕಿಸು, ಎಂದೆ ನಾನು.

ಆತ ತಲೆಯಾಡಿಸಿದ. ನಾವು ಬಸ್‌ಸ್ಟ್ಯಾಂಡಿನ ಕಡೆ ನಡೆದೆವು.